ಹದಿನಾಲ್ಕು ತತ್ವ, ಹತ್ತು ಅಂಕ

‘ಕೆಲಸ ಕೇಳುವವರಾಗಬೇಡಿ, ಕೆಲಸ ಕೊಡುವವರಾಗಿ’ ಎಂದು ವೇದಿಕೆಯ ಮೇಲೆ ಯಾರಾದರೂ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೇಳುವವರು ಬಹುಪಾಲು ತಿಂಗಳ ಸಂಬಳದವರೇ. ನಾನೂ ಅವರಲ್ಲೊಬ್ಬ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಹುಡುಗರಿಗೆ ನಿರ್ವಹಣೆ, ನಾಯಕತ್ವ, ಉದ್ಯಮಶೀಲತೆ ಎಲ್ಲವನ್ನೂ ಒಂದೇ ಪತ್ರಿಕೆಯಲ್ಲಿ ಕಲಿಸುವವನು. ‘ನಾಯಕನ ಗುಣಗಳನ್ನು ವಿವರಿಸಿ’, ಹತ್ತು ಅಂಕ. ಧೈರ್ಯ ಎಂದು ಬರೆದವನಿಗೂ ಅಂಕ, ದೂರದೃಷ್ಟಿ ಎಂದು ಬರೆದವಳಿಗೂ ಅಂಕ. ಹಾಜರಾತಿ ತಪ್ಪಾಗಿದೆ ಎಂದು ಎಚ್‌ಒಡಿ ಮುಂದೆ ನಿಂತು ಹೇಳಲು ಮಾತ್ರ ಇಬ್ಬರಿಗೂ ಬಾಯಿ ಬರುವುದಿಲ್ಲ. ಹೀಗೆ ಕಲಿಸಬಾರದು ಎಂದಷ್ಟೇ ಹೇಳಿ ಸುಮ್ಮನಾಗುವವನಲ್ಲ ನಾನು. ಇದು ಕಲಿಸುವ ವಸ್ತುವೇ ಅಲ್ಲ ಎಂಬುದು ನನ್ನ ವಾದ.

ಸದ್ಗುಣವನ್ನು ಕಲಿಸಬಹುದೇ ಎಂದು ಪ್ಲೇಟೋ ಕಾಲದಿಂದ ಚರ್ಚೆ ನಡೆದಿದೆ. ಮಹಾಪುರುಷರು ಹುಟ್ಟುತ್ತಾರೆ ಎನ್ನುವ ಕಾರ್ಲೈಲ್ ಪಂಥವೂ ಇದೆ. ಇಬ್ಬರಿಗೂ ದೂರದಿಂದ ಕೈ ಮುಗಿಯುತ್ತೇನೆ. ನನ್ನ ಜಗಳವಿರುವುದು ಹೆನ್ರಿ ಫಯೋಲ್ ಜೊತೆ.

ನಿರ್ವಹಣೆಯ ಕುರಿತ ಅವನ ಹದಿನಾಲ್ಕು ತತ್ವಗಳನ್ನು ನಮ್ಮ ಹುಡುಗರು ಗಿಳಿಪಾಠದಂತೆ ಒಪ್ಪಿಸುತ್ತಾರೆ. ಆತ ಗಣಿ ಎಂಜಿನಿಯರ್ ಆಗಿದ್ದನೆಂದು ಅವರಿಗೆ ಯಾರೂ ಹೇಳುವುದಿಲ್ಲ. 1860ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಫ್ರಾನ್ಸಿನ ಕೊಮಾಂತ್ರಿ ಕಲ್ಲಿದ್ದಲು ಗಣಿಗೆ ಸೇರಿದ. 1888ರಲ್ಲಿ ಕಂಪನಿ ದಿವಾಳಿಯ ಅಂಚಿನಲ್ಲಿದ್ದಾಗ ಅದರ ಚುಕ್ಕಾಣಿ ಹಿಡಿದು ಎತ್ತಿ ನಿಲ್ಲಿಸಿದ. 1916ರ ಪುಸ್ತಕದಲ್ಲಿ ಅವನ ದೂರು ನೇರವಾಗಿದೆ: ಎಂಜಿನಿಯರಿಂಗ್ ಶಾಲೆಗಳು ಗಣಿತವನ್ನು ಅತಿಯಾಗಿ ತುರುಕುತ್ತವೆ, ಆಡಳಿತವನ್ನು ಕಲಿಸುವುದೇ ಇಲ್ಲ. ದೊಡ್ಡ ಕಾರ್ಖಾನೆಯ ಕಾರ್ಮಿಕನಿಗೆ ಬೇಕಾದ ಸಾಮರ್ಥ್ಯದಲ್ಲಿ ನೂರಕ್ಕೆ 85 ಭಾಗ ತಾಂತ್ರಿಕ, 5 ಭಾಗ ಆಡಳಿತದ್ದು ಎಂದು ಲೆಕ್ಕ ಹಾಕಿದ. ಮೇಲೇರಿದಂತೆ ಆಡಳಿತದ ಪಾಲು ಹಿಗ್ಗುತ್ತದೆ, ತಾಂತ್ರಿಕತೆಯದು ಕುಗ್ಗುತ್ತದೆ. ಕಂಪನಿ ಉಳಿದದ್ದು ತನ್ನ ಪ್ರತಿಭೆಯಿಂದಲ್ಲ, ವಿಧಾನದಿಂದ. ವಿಧಾನವೆಂದ ಮೇಲೆ ಅದನ್ನು ಕಲಿಸಬಹುದು. ಇದು ಫಯೋಲನ ಪಟ್ಟು.

ಈ ವಿನಯವನ್ನು ನಾನು ನಂಬುವುದಿಲ್ಲ. ಆ ವಿಧಾನ ಕೈಗೆ ಬರುವ ಮೊದಲು ಆತ ಇಪ್ಪತ್ತೆಂಟು ವರ್ಷ ಗಣಿಯ ಬದುಕು ಕಂಡಿದ್ದ. ನನ್ನ ಎದುರಿನ ಬೆಂಚಿನ ಹುಡುಗ ಒಬ್ಬೇ ಒಬ್ಬ ಕೂಲಿಯಾಳಿಗೂ ಸಂಬಳ ಎಣಿಸಿ ಕೊಟ್ಟವನಲ್ಲ.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಟ್ರೈನಿಯಾಗಿದ್ದಾಗ ನಮ್ಮ ಪಾಳಿಯ ಫೋರ್‌ಮನ್ ಪ್ರಾಥಮಿಕ ಶಾಲೆಗೇ ಓದು ಬಿಟ್ಟವರು. ಒಂದು ಮಳೆಗಾಲದ ರಾತ್ರಿ ಕರಗಿದ ಕಬ್ಬಿಣ ಲೇಡಲ್‌ಗೆ ಇಳಿದಿತ್ತು. ಅವರು ಸಾಲಿನ ಅಚ್ಚುಗಳ ಮರಳನ್ನು ಮುಟ್ಟುತ್ತ ಬಂದವರು ಒಂದರ ಮುಂದೆ ನಿಂತು ಕೈ ಎತ್ತಿದರು. ಒದ್ದೆ ಅಚ್ಚಿಗೆ ಕಬ್ಬಿಣ ಸುರಿದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಜನರ ಮುಖಕ್ಕೇ ಸಿಡಿಸುತ್ತದೆ. ಲೇಡಲ್‌ನಲ್ಲಿದ್ದ ಅಷ್ಟೂ ಲೋಹವನ್ನು ಒಣ ಮರಳಿನ ಕಾಲುವೆಗೆ ಚೆಲ್ಲಿಸಿದರು. ಮಾಲೀಕರಿಗೆ ನಷ್ಟ, ನಮಗೆಲ್ಲ ಎರಡು ಪಟ್ಟು ಕೆಲಸ. ಯಾರೂ ಯಾಕೆ ಎನ್ನಲಿಲ್ಲ. ಇದನ್ನು ಯಾವ ಮಾಡ್ಯೂಲ್‌ಗೆ ಸೇರಿಸಲಿ?

ಆದರೆ ಫಯೋಲ್ ಇಲ್ಲೂ ಬಿಡುವುದಿಲ್ಲ. ಸಿದ್ಧಾಂತವಿಲ್ಲದ ಅನುಭವ ಅನುಭವವಾಗಿಯೇ ಉಳಿದುಬಿಡುತ್ತದೆ ಎಂಬುದು ಅವನ ತಕರಾರು. ನಿಜವೇ: ಆ ಫೋರ್‌ಮನ್‌ರ ವಿದ್ಯೆ ಅವರ ಪಾಳಿಯ ಆಚೆಗೆ ಹೋಗಲಿಲ್ಲ. ಪಕ್ಕದ ಪಾಳಿಯವರು ಅದನ್ನು ಸುಟ್ಟುಕೊಂಡೇ ಕಲಿಯಬೇಕಿತ್ತು. ಮತ್ತೆ, ನಾನು ಅವರ ಹಿಂದೆ ನಿಂತು ಮರಳು ಮುಟ್ಟುವುದನ್ನು ಕಲಿತೆನಲ್ಲ, ಅದು ಕಲಿಕೆಯಲ್ಲದೆ ಇನ್ನೇನು? ತತ್ವಗಳು ಹದಿನಾಲ್ಕೇ ಆಗಬೇಕಿಲ್ಲ, ಅವು ಸಂದರ್ಭಕ್ಕೆ ಬಾಗಬೇಕು ಎಂದೂ ಫಯೋಲನೇ ಬರೆದಿದ್ದಾನೆ. ಹದಿನಾಲ್ಕಕ್ಕೆ ಮೊಳೆ ಹೊಡೆದದ್ದು ಪ್ರಶ್ನೆಪತ್ರಿಕೆ. ಹಾಗಾದರೆ ನನ್ನ ಸಿಟ್ಟಿನ ಅರ್ಧ ಪಾಲು ತಪ್ಪು ವಿಳಾಸಕ್ಕೆ ಹೋಗಿದೆ.

ಉಳಿದರ್ಧವನ್ನು ಕೆಡಿಸಿದವನು ಶಿರಸಿ ಕಡೆಯ ಒಬ್ಬ ವಿದ್ಯಾರ್ಥಿ. ಓದುತ್ತಲೇ ಊರಿನ ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ ಹಿಡಿದಿದ್ದ. ಸುಗ್ಗಿಯಲ್ಲಿ ಇಬ್ಬರು ಹುಡುಗರಿಗೆ ಕೂಲಿಯನ್ನೂ ಕೊಡುತ್ತಿದ್ದ. ಪರೀಕ್ಷೆಯಲ್ಲಿ ಉದ್ಯಮಿಯ ಲಕ್ಷಣಗಳನ್ನು ಪುಸ್ತಕದಲ್ಲಿದ್ದಂತೆಯೇ ಬರೆದ, ತನ್ನ ವಿಷಯ ಒಂದಕ್ಷರ ಬರೆಯಲಿಲ್ಲ. ಈ ಪತ್ರಿಕೆಯಿಂದ ನಿನಗೆ ಏನಾದರೂ ಉಪಯೋಗವಾಯಿತೇ ಎಂದು ಒಮ್ಮೆ ಕೇಳಿದೆ. ಇಲ್ಲ ಎನ್ನುತ್ತಾನೆ, ನನ್ನ ವಾದಕ್ಕೊಂದು ಸಾಕ್ಷಿ ಸಿಗುತ್ತದೆ ಎಂಬ ಆಸೆ. ‘ಆಯ್ತಲ್ಲ ಸರ್, ಬ್ರೇಕ್‌ಈವನ್’ ಎಂದ. ಖರ್ಚೂ ಆದಾಯವೂ ಸರಿದೂಗುವುದು ಎಲ್ಲಿ ಎಂಬ ಲೆಕ್ಕ, ನಾನು ಆಕಳಿಸುತ್ತ ಮುಗಿಸುವ ಅಧ್ಯಾಯ ಅದು. ಬಿಡಿಭಾಗ, ಪೆಟ್ರೋಲು, ಹುಡುಗರ ಕೂಲಿ ಎಲ್ಲ ಬರೆದು, ಮೊದಲ ಬಾರಿಗೆ ತನ್ನ ದಿನಗೂಲಿಯನ್ನೂ ಸೇರಿಸಿ ನೋಡಿದನಂತೆ. ಪ್ರತಿ ಯಂತ್ರಕ್ಕೂ ನಷ್ಟ. ದರ ಏರಿಸಿದರೆ ಊರಿನವರು ಕೊಡುವುದಿಲ್ಲ. ಕೆಲಸ ಮುಚ್ಚಿ ಕ್ಯಾಂಪಸ್ ಇಂಟರ್‌ವ್ಯೂಗೆ ಕೂತ. ಈಗ ಬೆಂಗಳೂರಿನಲ್ಲಿದ್ದಾನೆ.

ಅಂದರೆ ಪಾಠ ಫಲಿಸಿತು. ಕೆಲಸ ಕೊಡುತ್ತಿದ್ದವನೊಬ್ಬ ಕೆಲಸ ಕೇಳುವವನಾದ. ಆ ಲೆಕ್ಕ ಗೊತ್ತಿಲ್ಲದಿದ್ದರೆ ಇನ್ನೆರಡು ಸುಗ್ಗಿ ಎಳೆಯುತ್ತಿದ್ದ, ಅಷ್ಟರಲ್ಲಿ ಗಿರಾಕಿ ಕುದುರುತ್ತಿದ್ದರು ಎನ್ನುತ್ತಾರೆ ಅವನ ಅಪ್ಪ. ಸಾಲದಲ್ಲಿ ಮುಳುಗುತ್ತಿದ್ದ ಎನ್ನುತ್ತೇನೆ ನಾನು, ಅಷ್ಟು ಗಟ್ಟಿಯಾಗಿ ಅಲ್ಲ. ತನ್ನ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದವರು ಯಾವ ಸಣ್ಣ ಉದ್ಯಮವನ್ನಾದರೂ ಶುರು ಮಾಡಿದ್ದಾರೆಯೇ? ಕಲಿಸಲು ಬರುವ ಭಾಗ ಕೈ ಹಿಡಿದು ನಿಲ್ಲಿಸುತ್ತದೆ. ಮುನ್ನುಗ್ಗಿಸುವುದು ಕಲಿಸಲು ಬಾರದ ಭಾಗ ಇರಬಹುದು. ಇದ್ದರೂ ಬ್ರೇಕ್‌ಈವನ್ ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸಿ ಕಳಿಸುವ ಧೈರ್ಯ ನನಗಿಲ್ಲ. ಬರುವ ಸೆಮಿಸ್ಟರ್‌ಗೆ ಆ ಅಧ್ಯಾಯಕ್ಕೆ ಎರಡು ತರಗತಿ ಹೆಚ್ಚು ಹಾಕಿದ್ದೇನೆ, ನಾಯಕತ್ವದ ಪಾಲಿನಿಂದ ಕಿತ್ತು. ಅದು ಆ ಹುಡುಗನ ಪರವೋ ವಿರೋಧವೋ ಎಂದು ಅವನ ಅಪ್ಪ ಕೇಳಿದರೆ ಕೊಡಲು ನನ್ನಲ್ಲಿ ಉತ್ತರವಿಲ್ಲ.