ನೋವು ಅವ್ವನದು, ಅವಸರ ಯಾರದು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ಈ ಫೋನ್ ಹೊಸದಲ್ಲ: "ಕಾಲು ಉರಿಯಾಕ ಹತ್ಯಾವಪಾ, ರಾತ್ರಿ ನಿದ್ದಿ ಇಲ್ಲ." ಶುಗರ್‌ನಿಂದ ಬಂದ ನರದ ನೋವು. ಪ್ರಿಗ್ಯಾಬಲಿನ್ 75 ಎಂಜಿ ನಡೀತಿದೆ. ತಕ್ಷಣ ಬಾಯಿಗೆ ಬರುವ ಮಾತು: "ಇನ್ನೊಂದು ತಗೋ ಅವ್ವ."

ಇದು ಪ್ರೀತಿಯಾ? ಪ್ರೀತಿಯೇ. ಆದರೆ ಆ ಇನ್ನೊಂದು ಮಾತ್ರೆ ಯಾರ ಸಂಕಟಕ್ಕೆ?

ಈ ಔಷಧಿ ಹೊರಹೋಗುವುದು ಮುಖ್ಯವಾಗಿ ಕಿಡ್ನಿ ಮೂಲಕ. ವಯಸ್ಸಾಗಿ ಕಿಡ್ನಿ ಸೋತಿದ್ದರೆ ಅದೇ ಡೋಸ್ ಒಳಗೇ ಉಳಿದು ತಲೆಸುತ್ತು, ಮಂಪರು ತರುತ್ತೆ. ರಾತ್ರಿ ಬಚ್ಚಲಿಗೆ ಎದ್ದವಳು ಬೀಳಬಹುದು. ನಿದ್ದೆ ಮಾತ್ರೆ, ಟ್ರಮಡಾಲ್ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಹೆದರಿ ಒಮ್ಮೆಲೇ ನಿಲ್ಲಿಸುವುದೂ ತಪ್ಪು. ಏರಿಸೋದಿರಲಿ ಇಳಿಸೋದಿರಲಿ, ಮೆಲ್ಲಗೆ, ಡಾಕ್ಟರನ್ನು ಕೇಳಿಯೇ.

ದೂರ ಇರುವವರಿಗೆ ನೋವು ಕಾಣಲ್ಲ, ದೂರು ಮಾತ್ರ ಕೇಳುತ್ತೆ. ದೂರು ನಿಂತರೆ ನೋವೂ ನಿಂತಿತು ಅಂದ್ಕೋತೀವಿ. ಮಂಪರಿನಲ್ಲಿರುವ ಅವ್ವ ದೂರು ಹೇಳುವುದಿಲ್ಲ. ನಮಗದು ನೆಮ್ಮದಿ, ಅವಳಿಗೆ?

ಹಾಗಾಗಿ ಡೋಸ್ ಹೇಳಬೇಡಿ, ಕೇಳಿ: ಕ್ರಿಯಾಟಿನಿನ್ ಟೆಸ್ಟ್ ಯಾವಾಗ ಆಗಿತ್ತು? ಎದ್ದಾಗ ತಲೆ ತಿರುಗುತ್ತಾ? ಬೇರೆ ಯಾವ ಮಾತ್ರೆ ನಡೀತಿವೆ? ಬರೆದುಕೊಂಡು ಅವಳ ಡಾಕ್ಟರಿಗೆ ಫೋನ್ ಮಾಡಿ. ಹತ್ತು ನಿಮಿಷ ಹೋಗುತ್ತೆ, ಹೋಗಲಿ.