ಕೆರೆಯ ದಂಡೆಯ ಮೌನ ಯಾರ ಸೊತ್ತು?

ದುಬೈನ ಶೇಖ್ ಝಾಯೆದ್ ರಸ್ತೆಯ ಭರಾಟೆಯಿಂದ ಒಳಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಸದ್ದು ಅಡಗುತ್ತದೆ. ಸ್ಪ್ರಿಂಗ್ಸ್, ಮೆಡೋಸ್, ಲೇಕ್ಸ್ ಎಂಬ ಬಡಾವಣೆಗಳು ಅಲ್ಲಿವೆ. 2000ರ ದಶಕದ ಮೊದಲ ವರ್ಷಗಳಲ್ಲಿ ಎಮಾರ್ ಕಂಪನಿ ಮರಳುಗಾಡಿನಲ್ಲಿ ಎಬ್ಬಿಸಿದ ಮನೆಗಳಿವು. ಸಾಲು ವಿಲ್ಲಾಗಳ ಹಿಂದೆ ಕೆರೆ, ಕೆರೆಯ ಸುತ್ತ ನಡೆದಾಡುವ ದಾರಿ, ನೀರಿನಲ್ಲಿ ಬಾತುಕೋಳಿ. ವಿದೇಶಿಯರೂ ಮನೆ ಕೊಳ್ಳಬಹುದೆಂದು 2002ರಲ್ಲಿ ಬಾಗಿಲು ತೆರೆಯಿತು, 2006ರ ಕಾನೂನುಗಳು ಅದಕ್ಕೆ ಬುನಾದಿ ಹಾಕಿದವು. ಅಂದಿನಿಂದ ಕೆರೆ ಕಾಣುವ ಮನೆಗೆ ಬೇರೆಯೇ ಬೆಲೆ.

ಊರಿನಿಂದ ಬಂದ ನೆಂಟರು ದಂಡೆಯಲ್ಲಿ ಒಂದು ಸುತ್ತು ಹಾಕಿ ಹೇಳುವುದುಂಟು: "ಚೆಂದ ಇದೆ, ಆದ್ರೆ ನಿಜವಾದ ಕೆರೆ ಅಲ್ವಲ್ಲ!"

ಈ ಆಕ್ಷೇಪ ಬಹಳ ಹೊತ್ತು ನಿಲ್ಲುವುದಿಲ್ಲ. ಚನ್ನಗಿರಿಯ ಸೂಳೆಕೆರೆಯಿಂದ ಹಿಡಿದು ಬೆಂಗಳೂರಿನ ಬೆಳ್ಳಂದೂರಿನವರೆಗೆ ಕರ್ನಾಟಕದ ಕೆರೆಗಳೂ ಮನುಷ್ಯರು ಏರಿ ಕಟ್ಟಿ ಮಾಡಿದವೇ. ಕಟ್ಟಿದ್ದರಿಂದ ಅವುಗಳ ಪಾವಿತ್ರ್ಯ ಕಡಿಮೆಯಾಗಲಿಲ್ಲ. ಬದಲಿಗೆ ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದಾಯಿತು, ಮಗನಿಲ್ಲದವನಿಗೂ ಅದೇ ಸಂತಾನವಾಯಿತು. ಅಬುಧಾಬಿಯ ಅಬು ಮುರೈಖಾದಲ್ಲಿ 2024ರ ಫೆಬ್ರವರಿಯಲ್ಲಿ ತೆರೆದ ಬಿಎಪಿಎಸ್ ಮಂದಿರದಲ್ಲೂ ಗಂಗೆ, ಯಮುನೆಗಳ ಹೆಸರಿನ ಎರಡು ಧಾರೆಗಳನ್ನು ಮಾಡಿದ್ದಾರೆ. ಭಕ್ತರು ಅವುಗಳ ಪಕ್ಕ ಕೂತು ಕೈಮುಗಿಯುತ್ತಾರೆ. ತೀರ್ಥವನ್ನೂ ಕಟ್ಟಬಹುದು ಎಂದಾಯಿತು.

ನೀರು ಎಲ್ಲಿಯದು ಎಂಬುದು ಇನ್ನೊಂದು ತಕರಾರು. ವರ್ಷಕ್ಕೆ ಸರಾಸರಿ 100 ಮಿಲಿಮೀಟರ್ ಮಳೆಯೂ ಖಾತ್ರಿಯಿಲ್ಲದ, ಒಂದೂ ಜೀವನದಿಯಿಲ್ಲದ ನಾಡಿದು. ಕುಡಿಯುವ ನೀರಿನ ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಹುಲ್ಲಿಗೂ ಗಿಡಕ್ಕೂ ಸಂಸ್ಕರಿಸಿದ ಕೊಳಚೆ ನೀರು. ಮಡಿ ಮೈಲಿಗೆ ನೋಡುವವರು ಇಲ್ಲಿ ತಡವರಿಸುತ್ತಾರೆ. ಇಸ್ಲಾಮಿನ ಪಂಡಿತರು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದರು. ಬಣ್ಣ, ರುಚಿ, ವಾಸನೆ ಮೂರೂ ಮೊದಲಿನಂತಾದರೆ ಸಂಸ್ಕರಿಸಿದ ನೀರು ಶುದ್ಧ, ನಮಾಜಿನ ಮುಂಚಿನ ವುಝೂಗೂ ಆದೀತು ಎಂದು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ಫತ್ವಾ ಕೊಟ್ಟಿತು. ನಮ್ಮಲ್ಲಿ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಎಷ್ಟು ಶುದ್ಧ ಎಂಬ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲೂ ಹತ್ತಿತು. ಅಲ್ಲಿ ಶಾಸ್ತ್ರವನ್ನು ಯಾರೂ ಕೇಳಲಿಲ್ಲ, ಪ್ರಯೋಗಾಲಯವನ್ನು ಕೇಳಿದರು. ಒಳ್ಳೆಯದೇ ಆಯಿತು.

ಹಾಗಾದರೆ ಈ ಬಡಾವಣೆಗಳ ಕೆರೆಗೂ ನಮ್ಮ ಹಳೆಯ ಕೆರೆಗೂ ಇರುವ ಅಂತರವೇನು? ಹಂಗು. ಹಳ್ಳಿಯ ಕೆರೆಗೆ ಬಾಯಾರಿದ ದನ, ಬಟ್ಟೆ ಒಗೆಯುವ ಹೆಂಗಸರು, ಕೆಳಗಿನ ಗದ್ದೆಯವನು, ಹೂಳೆತ್ತುವ ಊರು ಎಲ್ಲರೂ ಬೇಕು. ಕೆರೆಯನ್ನು ನೋಡಿಕೊಳ್ಳಲು ಬಿತ್ತುವಟ್ಟದ ಭೂಮಿ ಬಿಡುತ್ತಿದ್ದರು. ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ತಟ್ಟಲಿ ಎಂದು ಶಾಸನದಲ್ಲಿ ಶಾಪ ಕೆತ್ತುತ್ತಿದ್ದರು. (ಆ ನೀರನ್ನು ಎಲ್ಲ ಜಾತಿಯವರಿಗೂ ಬಿಡಲಿಲ್ಲ ಎಂಬ ಕಳಂಕವನ್ನು ಮರೆತು ಹಳತನ್ನು ಹೊಗಳುವುದು ತರವಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದದ್ದು ಅದಕ್ಕೇ.) ಬಡಾವಣೆಯ ಕೆರೆಗೆ ಬೇಕಾದ್ದು ಕಣ್ಣು ಮಾತ್ರ. ಅದರಲ್ಲಿ ಈಜುವ ಹಾಗಿಲ್ಲ, ಅದರಿಂದ ಕೊಡ ತುಂಬುವ ಹಾಗಿಲ್ಲ.

ಯುಎಇಯ ಮಣ್ಣಿನ ಹಳೆಯ ನಡೆ ಹೀಗಿರಲಿಲ್ಲ. ಅಲ್ ಐನ್‌ನ ಖರ್ಜೂರದ ತೋಟಗಳಿಗೆ ನೆಲದಡಿಯ ಫಲಜ್ ಕಾಲುವೆಗಳು ನೀರು ತರುತ್ತವೆ; ಅಲ್ಲಿನ ಹಿಲಿಯಲ್ಲಿ ಸಿಕ್ಕ ಫಲಜ್ ಸುಮಾರು 3000 ವರ್ಷ ಹಳೆಯದು, 2011ರಿಂದ ಈ ತಾಣಗಳು ಯುನೆಸ್ಕೋ ಪಟ್ಟಿಯಲ್ಲಿವೆ. ನೀರನ್ನು ಗಳಿಗೆ ಲೆಕ್ಕದಲ್ಲಿ ಪಾಲು ಮಾಡುತ್ತಿದ್ದರು. ಬಾವಿ ಒಬ್ಬನದೇ ಆಗಿದ್ದರೂ ಬಾಯಾರಿದ ಮನುಷ್ಯನಿಗೂ ಒಂಟೆಗೂ ಅಲ್ಲಿ ಕುಡಿಯುವ ಹಕ್ಕಿದೆ ಎನ್ನುತ್ತದೆ ಇಸ್ಲಾಮಿನ ನ್ಯಾಯಶಾಸ್ತ್ರ. ಆ ಹಕ್ಕು ಇಂದಿಗೂ ಕಣ್ಣಿಗೆ ಬೀಳುವುದು ಸಬೀಲ್‌ನಲ್ಲಿ. ದುಬೈ, ಅಬುಧಾಬಿಯ ಎಷ್ಟೋ ವಿಲ್ಲಾಗಳ ಕಾಂಪೌಂಡ್ ಗೋಡೆಯ ಹೊರಮೈಗೆ ತಣ್ಣೀರಿನ ನಲ್ಲಿ ಇರುತ್ತದೆ, ಹಲವೆಡೆ ತೀರಿಕೊಂಡ ತಂದೆಯದೋ ತಾಯಿಯದೋ ಹೆಸರಿನಲ್ಲಿ. ಬಿಸಿಲಿಗೆ ಬಸವಳಿದ ಡೆಲಿವರಿ ಹುಡುಗ ಬೈಕ್ ನಿಲ್ಲಿಸಿ ಕುಡಿದು ಹೋಗುತ್ತಾನೆ. ಬೇಸಿಗೆಯಲ್ಲಿ ನಮ್ಮವರು ಇಡುತ್ತಿದ್ದ ಅರವಟ್ಟಿಗೆಯೇ ಇದು.

ಹಂಗು ಮನುಷ್ಯರಿಗಷ್ಟೇ ಅಲ್ಲ. ಅಬುಧಾಬಿ ಹೊರವಲಯದ ಅಲ್ ವತ್ಬಾದಲ್ಲಿ ಸಂಸ್ಕರಿಸಿದ ಕೊಳಚೆ ನೀರು ನಿಂತೇ ಜೌಗು ಬೆಳೆಯಿತು. ನೋಟಕ್ಕೆಂದು ಯಾರೂ ಅದನ್ನು ಕಟ್ಟಿದ್ದಲ್ಲ. 1998ರಲ್ಲಿ ಅಲ್ಲಿ ರಾಜಹಂಸಗಳು ಮರಿ ಮಾಡಿದವು. ಅದೇ ವರ್ಷ ಯುಎಇಯ ಅಂದಿನ ಅಧ್ಯಕ್ಷ ಶೇಖ್ ಝಾಯೆದ್ ಅದನ್ನು ರಕ್ಷಿತ ತಾಣವೆಂದು ಸಾರಿದರು, 2013ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸರ್ ಪಟ್ಟಿಗೂ ಸೇರಿತು.

ದುಬೈಯತ್ತ ಬೊಟ್ಟು ಮಾಡುವ ಮೊದಲು ಬೆಂಗಳೂರಿಗರು ತಮ್ಮ ಬಾಲ್ಕನಿಯಿಂದಾಚೆ ನೋಡಬೇಕು. ಬೆಳ್ಳಂದೂರು ಕೆರೆ ನೊರೆ ಕಾರಿ 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿದಾಗ ಸುತ್ತಲ ಅಪಾರ್ಟ್‌ಮೆಂಟುಗಳೂ 'ಲೇಕ್ ವ್ಯೂ'ಗಳೇ ಆಗಿದ್ದವು. ನೋಟ ಕೊಂಡವರು ಕೆರೆಯನ್ನು ಉಳಿಸಿಕೊಳ್ಳಲಿಲ್ಲ.

ಯುಎಇಯ ಕೆರೆ ದಂಡೆಯಲ್ಲಿ ಮನೆ ಮಾಡಿರುವ ಕನ್ನಡಿಗರು ಒಂದು ಕೆಲಸ ಮಾಡಬಹುದು. ದಾರಿ ಗುಡಿಸುವ, ಹುಲ್ಲು ಕತ್ತರಿಸುವ, ನೀರಿನ ಪಾಚಿ ತೆಗೆಯುವ ಕಾರ್ಮಿಕರು ಸಂಜೆ ಬಸ್ಸು ಹತ್ತಿ ದೂರದ ಲೇಬರ್ ಕ್ಯಾಂಪಿಗೆ ಮರಳುತ್ತಾರೆ. ದಂಡೆಯ ಆ ಮೌನ ಅವರ ದುಡಿಮೆಯದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆ ತನಕ ಬಯಲಲ್ಲಿ ದುಡಿಸಬಾರದೆಂಬ ನಿಯಮವೇನೋ ಇದೆ. ಉಳಿದ ಹೊತ್ತಿನ ಬಿಸಿಲಿಗೆ ಆ ತಡೆಯಿಲ್ಲ. ಈ ಬೇಸಿಗೆಗೆ ಮುಂಚೆ ಬಡಾವಣೆಯ ಸಮಿತಿಯಲ್ಲಿ ಮಾತಾಡಿ, ನಡೆದಾಡುವ ದಾರಿಯ ಬದಿಗೆ ಒಂದು ತಣ್ಣೀರಿನ ನಲ್ಲಿ ಹಾಕಿಸಿ.