ಬಾಯಿ ಪ್ರಾರ್ಥನೆ ಮರೆತಾಗ

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡ್ತೀನಿ. ಮೆದುಳಿಗೇ ಕಾಯಿಲೆ ಬಂದಾಗ ಬಾಯಿಂದ ಬರುವ ಮಾತಿಗೆ ಹೊಣೆ ಯಾರು? ಪ್ರಾರ್ಥನೆ ನಿಂತುಹೋದರೆ ವಿಶ್ವಾಸವೂ ಹೋಯಿತು ಅಂತ ಅರ್ಥವೇ?

ಕುಟುಂಬದವರ ಒಪ್ಪಿಗೆ ತಗೊಂಡೇ ಇದನ್ನು ಹೇಳ್ತಿದ್ದೀನಿ. ನಮ್ಮ ಸಭೆಯ ಒಬ್ಬ ಸಹೋದರಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಪದೇಪದೇ ಮೂತ್ರ. ಗ್ಯಾಸ್ಟ್ರಿಕ್ ಇರಬೇಕು ಅಂತ ನಮ್ಮ ತಾಯಂದಿರು ಸುಮ್ಮನಿದ್ದುಬಿಡ್ತಾರೆ. ಹೆಚ್ಚಿನವರಿಗೆ ಗೊತ್ತಾಗುವಷ್ಟರಲ್ಲಿ ಅದು ಹೊಟ್ಟೆಯೊಳಗೆ ಹರಡಿರುತ್ತೆ. ಇವರಿಗೂ ಹಾಗೇ ಆಯಿತು. ಆಪರೇಷನ್ ಆಯಿತು, ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಆಯಿತು. ರಕ್ತದ ಸಿ.ಎ. 125 ಇಳಿದಾಗ ಇದೇ ಜಾಗದಲ್ಲಿ ನಿಂತು ಸಾಕ್ಷಿ ಹೇಳಿದರು. ನಾವೆಲ್ಲ ಸ್ತೋತ್ರ ಅಂದೆವು.

ಆಮೇಲೆ ಅದು ಮೆದುಳಿಗೆ ಹೋಯಿತು. ಈ ಕ್ಯಾನ್ಸರ್ ಅಲ್ಲಿಗೆ ಹೋಗೋದು ಅಪರೂಪ, ನೂರರಲ್ಲಿ ಕೆಲವರಿಗೆ ಮಾತ್ರ. ಬೇಡದ್ದು ರಕ್ತದಿಂದ ಮೆದುಳಿಗೆ ಸೇರದ ಹಾಗೆ ದೇವರು ಒಂದು ತಡೆ ಇಟ್ಟಿದ್ದಾನೆ. ಅದೇ ತಡೆ ಹಲವು ಕೀಮೋ ಔಷಧಿಗಳನ್ನೂ ಒಳಗೆ ಬಿಡೋದಿಲ್ಲ. ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಹಣೆಯ ಹಿಂದಿನ ಭಾಗಕ್ಕೆ ತಗುಲಿದರೆ ಸ್ವಭಾವವೇ ಬದಲಾಗಬಹುದು. ಎಂದೂ ದನಿ ಏರಿಸದ ಆ ಸಹೋದರಿ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದರು. ಪ್ರಾರ್ಥನೆಗೆ ಹೋದವರಿಗೆ, "ಎದ್ದು ಹೋಗಿ, ನಿಮ್ಮ ದೇವರೂ ಬೇಡ" ಅಂದರು. ಕೂಡಲೇ ಒಬ್ಬರು ನನಗೆ ಫೋನ್ ಮಾಡಿ, "ಪಾಸ್ಟರ್, ಇದು ಕಾಯಿಲೆ ಅಲ್ಲ, ದುರಾತ್ಮ. ಮಾತ್ರೆ ನಿಲ್ಲಿಸಿ ಮೂರು ದಿನ ಉಪವಾಸ ಇಡೋಣ" ಅಂದರು.

ವಾಕ್ಯ ಏನು ಹೇಳುತ್ತೆ ನೋಡೋಣ. ಮತ್ತಾಯ 4:24ರಲ್ಲಿ ಯೇಸುವಿನ ಬಳಿಗೆ ಕರೆತಂದವರ ಪಟ್ಟಿ ಇದೆ. ಅಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ. 17ನೇ ಅಧ್ಯಾಯದ ಹುಡುಗನಲ್ಲಿ ಎರಡೂ ಒಟ್ಟಿಗೆ ಇದ್ದವು, ನಿಜ. ಆದರೆ ಪ್ರತಿ ಫಿಟ್ಸೂ ದೆವ್ವ ಅಂತ ಮತ್ತಾಯನೇ ಹೇಳದಿರುವಾಗ ನಾವು ಹೇಳೋದು ಹೇಗೆ? ಮೆದುಳಿನ ಊತ ಇಳಿಸೋಕೆ ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅದೇ ಮಾತ್ರೆ ಕೆಲವರ ನಿದ್ದೆ ಕೆಡಿಸುತ್ತೆ, ಸಿಟ್ಟನ್ನೂ ತರಿಸುತ್ತೆ. ಉಪವಾಸ ಮಾಡೋಣ, ಕೈಯಿಟ್ಟು ಪ್ರಾರ್ಥಿಸೋಣ. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಡೋಣ.

"ಹಾಗಾದರೆ ಯಾವ ಮಾತಿಗೂ ಯಾರೂ ಹೊಣೆ ಅಲ್ವಾ ಪಾಸ್ಟರ್?" ಅಂತ ಕೇಳ್ತೀರಿ. ಆರಿಸಿಕೊಳ್ಳುವ ಶಕ್ತಿ ಇರೋ ಕಡೆ ಹೊಣೆಯೂ ಇದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಆಟೋದವನಿಗೆ ಬೈದು, ನನ್ನ ಮೆದುಳು ಹಾಗಂದಿತು ಅನ್ನೋ ಹಾಗಿಲ್ಲ. ಆದರೆ ಆ ಶಕ್ತಿಯನ್ನೇ ಗೆಡ್ಡೆ ಕಿತ್ತುಕೊಂಡವರ ಮೇಲೆ ತೀರ್ಪು ಹೇಳೋಕೆ ನಮಗೆ ಅಧಿಕಾರ ಇಲ್ಲ. ಯೋಬನ ಸ್ನೇಹಿತರು ನೋವಲ್ಲಿ ಬಂದ ಅವನ ಮಾತುಗಳನ್ನು ಹಿಡಿದು ತಪ್ಪು ಹುಡುಕಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ಸ್ನೇಹಿತರ ಮೇಲೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಒಂದು ಗೆಡ್ಡೆ ಹೀಗೆ ಮಾಡಬಹುದಾದರೆ ವಿಶ್ವಾಸ ಅನ್ನೋದು ಬರೀ ಮೆದುಳಿನ ಕೆಲಸವೇ? ಕೆಲವರು ಸುಲಭದ ಉತ್ತರ ಕೊಡ್ತಾರೆ: ಮೆದುಳು ಬರೀ ಮೈಕು, ಒಳಗಿನ ಹಾಡುಗಾರನಿಗೆ ಏನೂ ಆಗಿಲ್ಲ ಅಂತ. ನಾನು ಹಾಗೆ ಹೇಳಲಾರೆ. ದೇಹದ ಪುನರುತ್ಥಾನ ನಂಬುವ ನಮಗೆ ದೇಹ ಬರೀ ಡಬ್ಬಿ ಅಲ್ಲ. ಆ ಸಹೋದರಿ ನಿಜವಾಗಿಯೂ ಏನೋ ಕಳಕೊಂಡಿದ್ದಾರೆ. ಅವರ ಗಂಡನೂ ಕಳಕೊಂಡಿದ್ದಾರೆ. ಅದಕ್ಕೆ ಅಳಬೇಕು.

ಆದರೆ ನಾವು ಆತ್ಮದಲ್ಲಿ ಪ್ರಾರ್ಥಿಸುವ ಜನ. ಆತ್ಮವು ಪ್ರಾರ್ಥಿಸುವಾಗ ಬುದ್ಧಿ ಸುಮ್ಮನಿರಬಹುದು ಅಂತ ಪೌಲನೇ ಕೊರಿಂಥದವರಿಗೆ ಬರೆದ. ನಮಗೆ ಮಾತೇ ಸಿಗದಾಗ ಪವಿತ್ರಾತ್ಮನು ನಮಗೋಸ್ಕರ ನರಳುತ್ತಾನೆ ಅಂತ ರೋಮಾಪುರದವರಿಗೆ ಬರೆದ. ಪ್ರಾರ್ಥನೆ ಬುದ್ಧಿಯನ್ನೂ ಮೀರಿದ್ದು ಅಂತ ಪ್ರತಿ ಭಾನುವಾರ ಹೇಳುವ ನಾವೇ, ಮೆದುಳು ಸೋತ ದಿನ ಪ್ರಾರ್ಥನೆ ಮುಗಿಯಿತು ಅನ್ನಬಹುದಾ? ನಾವು ದೇವರನ್ನು ನೆನಪಿಟ್ಟುಕೊಂಡಿರೋದರಿಂದ ರಕ್ಷಣೆ ಉಳಿದಿಲ್ಲ, ಆತನು ನಮ್ಮನ್ನು ಮರೆಯದಿರೋದರಿಂದ ಉಳಿದಿದೆ. ಹೆತ್ತ ತಾಯಿ ಮರೆತರೂ ತಾನು ಮರೆಯೋದಿಲ್ಲ ಅಂತ ಯೆಶಾಯನ ಬಾಯಿಂದ ಹೇಳಿಸಿದವನು ಆತನೇ.

ಅದಕ್ಕೇ ಹೇಳ್ತೀನಿ, ಇಂಥ ಮನೆಗೆ ಹೋದಾಗ "ಆಂಟಿ, ನಿಮಗೆ ವಿಶ್ವಾಸ ಇದೆಯಾ?" ಅಂತ ಪರೀಕ್ಷೆ ಮಾಡಬೇಡಿ. ಮೊಬೈಲ್ ಎತ್ತಿ ವಿಡಿಯೋ ಮಾಡಬೇಡಿ. ಅವರಿಗೆ ಗೊತ್ತಿರೋ ಹಾಡನ್ನು ಮೆಲ್ಲಗೆ ಹಾಡಿ. ಬೈದರೆ ಬೈಸಿಕೊಳ್ಳಿ. ರಾತ್ರಿಯೆಲ್ಲ ಎಚ್ಚರ ಇದ್ದವರನ್ನು ಮಲಗಿಸಿ, ಎರಡು ಗಂಟೆ ನೀವು ಕಾಯಿರಿ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದಾಗ ಯೇಸು ನೋಡಿದ್ದು ಹೊತ್ತವರ ವಿಶ್ವಾಸವನ್ನೂ ಹೌದು. ಮಂಚದ ಒಂದು ಮೂಲೆ ಹಿಡಿಯೋಕೆ ಕರ್ತನು ನಮಗೆ ಬಲ ಕೊಡಲಿ. ಆಮೆನ್.